ಬೇರೆಯಾದ ಮೇಲೆ ಮಗುವಿನ ಸುತ್ತ ನಾಲ್ಕು ಜನ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಾಗಲಕೋಟೆಯ ನವನಗರದಲ್ಲಿ ಹೊಲಿಗೆ ಕೆಲಸ ಮಾಡುತ್ತೇನೆ. ಗಂಡನಿಂದ ಬೇರೆಯಾಗಿ ಒಂಬತ್ತು ವರ್ಷ ಆಯಿತು. ಆಗ ಐದು ವರ್ಷದವಳಿದ್ದ ಮಗಳು ಈಗ ಒಂಬತ್ತನೇ ಕ್ಲಾಸಿನಲ್ಲಿದ್ದಾಳೆ. ಇಷ್ಟು ವರ್ಷಗಳಲ್ಲಿ ಕೋರ್ಟಿನ ಪಡಸಾಲೆಯಲ್ಲಿ, ಬಸ್ಸಿನಲ್ಲಿ, ಜಂಪರ್ ಹೊಲಿಯಲು ಕೊಡೋಕೆ ಬಂದಾಗ, ರಾತ್ರಿ ಹತ್ತರ ಮೇಲೆ ಫೋನಿನಲ್ಲಿ ಜನ ನನ್ನನ್ನು ಕೇಳಿದ ಪ್ರಶ್ನೆಗಳು ಇವು. ಜಮಖಂಡಿ, ಇಳಕಲ್ಲ, ಮುದ್ದೇಬಿಹಾಳ, ಗೋಕಾಕ ಕಡೆಯವರೂ ಕೇಳಿದ್ದಾರೆ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟಿದ್ದೇನೆ. ಯಾರ ಗುರುತೂ ಸಿಗದಂತೆ ನೋಡಿಕೊಂಡಿದ್ದೇನೆ.

## ಶುರುವಿಗೆ

"ನಾ ಬ್ಯಾರೆ ಆಗೀನಿ ಅಂತ ಯಾರ್‍ಯಾರಿಗೆ ಹೇಳ್ಬೇಕ್ರಿ? ಎಷ್ಟು ಹೇಳ್ಬೇಕು?"

ಎಲ್ಲರಿಗೂ ಎಲ್ಲಾ ಹೇಳಬೇಕಿಲ್ಲ. ಪೂರ್ತಿ ಗೊತ್ತಿರುವವರು ಒಬ್ಬರೋ ಇಬ್ಬರೋ ಇದ್ದರೆ ಸಾಕು. ಅಕ್ಕ ಇರಬಹುದು, ಹಳೆಯ ಗೆಳತಿ ಇರಬಹುದು. ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವರಾಗಿರಬೇಕು ಅಷ್ಟೇ. ಮಗುವಿನ ಟೀಚರಿಗೆ, ಮನೆ ಮಾಲೀಕರಿಗೆ, ಕೆಲಸದ ಜಾಗದವರಿಗೆ ಅವರವರ ಕೆಲಸಕ್ಕೆ ಬೇಕಾದಷ್ಟು ಹೇಳಿ. ಉಳಿದವರಿಗೆ ಒಂದೇ ವಾಕ್ಯ.

ಆ ಒಂದು ವಾಕ್ಯವನ್ನು ಮೊದಲೇ ತಯಾರು ಮಾಡಿ ಇಟ್ಟುಕೊಳ್ಳಿ. ನಾನು ಮೊದಲ ಸಲ ಹಿಟ್ಟಿನ ಗಿರಣಿಯಲ್ಲಿ ಸಿಕ್ಕಿಬಿದ್ದೆ. ಜೋಳದ ಡಬ್ಬಿ ಇಳಿಸುತ್ತಿದ್ದಾಗ ಒಬ್ಬರು ಎಲ್ಲರ ಮುಂದೆ "ಯಜಮಾನ್ರು ಬಂದಿಲ್ಲೇನವಾ?" ಅಂದರು. ಬಾಯಿ ಬರಲಿಲ್ಲ, ಹಿಟ್ಟು ಬಿಟ್ಟು ಮನೆಗೆ ಬಂದೆ. ಅವತ್ತು ರಾತ್ರಿ ಕೂತು ಒಂದು ಮಾತು ಗಟ್ಟಿ ಮಾಡಿಕೊಂಡೆ: "ನಾನೂ ನನ್ನ ಮಗಳೂ ಈಗ ಇಲ್ಲೇ ಇರ್ತೀವ್ರಿ." ಅದರ ಮುಂದೆ ಯಾರು ಏನು ಕೇಳಿದರೂ ಅದನ್ನೇ ಇನ್ನೊಂದು ಸಲ ಹೇಳುತ್ತಿದ್ದೆ. ಎರಡು ಸಲ ಅದೇ ಉತ್ತರ ಸಿಕ್ಕಿದ ಮೇಲೆ ಬಹಳ ಜನ ಸುಮ್ಮನಾಗುತ್ತಾರೆ.

"ತವರುಮನಿ ಐತಲ್ಲ, ಮತ್ತ್ಯಾಕ ಬ್ಯಾರೆಯವರು ಬೇಕು?"

ತವರು ಇದ್ದರೆ ದೊಡ್ಡ ಪುಣ್ಯ. ಆದರೆ ಎಲ್ಲಾ ಭಾರ ಅಲ್ಲೇ ಹಾಕಿದರೆ ತವರೂ ಬಾಗುತ್ತದೆ. ಅವ್ವನ ಮೊಣಕಾಲು ನೋಯುತ್ತಿರುತ್ತದೆ. ಅಣ್ಣನಿಗೆ ಅವನದೇ ಸಂಸಾರ ಇರುತ್ತದೆ. ವೈನಿ ಒಳ್ಳೆಯವಳೇ ಇರಬಹುದು, ಆದರೆ ಇರೋದು ಒಂದೇ ಅಡುಗೆಮನೆ ಅಲ್ವಾ?

ಇದು ಎಲ್ಲಕ್ಕಿಂತ ಜಾಸ್ತಿ ಗೊತ್ತಾಗುವುದು ಪಂಚಮಿಗೆ. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ತಂಗಿಯರು ಬ್ಯಾಗು ಹಿಡಿದು ನಗುತ್ತಾ ಬರುತ್ತಾರೆ. ಜೋಕಾಲಿ ಕಟ್ಟುತ್ತಾರೆ, ಉಂಡಿ ಕಟ್ಟುತ್ತಾರೆ. ನಾಲ್ಕು ದಿನಕ್ಕೆ ಉಡಿ ತುಂಬಿಸಿಕೊಂಡು ಹೊರಡುತ್ತಾರೆ. ಹೊರಡದೇ ಉಳಿಯುವವಳು ನೀವೊಬ್ಬಳೇ. ಮೊದಲ ವರ್ಷ ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಾ ಅತ್ತಿದ್ದೇನೆ. ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ನಾನೀಗ ಆ ಮನೆಗೆ ಹಬ್ಬಕ್ಕೆ ಬಂದವಳಲ್ಲ, ದಿನವೂ ಇರುವವಳು ಅನ್ನೋದು ಅವತ್ತು ತಿಳಿಯಿತು.

ಹಾಗಾಗಿ ಮೊದಲ ತಿಂಗಳಲ್ಲೇ ಕೂತು ಮಾತಾಡಿ. ತಿಂಗಳಿಗೆ ಇಷ್ಟು ರೊಕ್ಕ ಕೊಡುತ್ತೇನೆ, ಸಂಜೆಯ ರೊಟ್ಟಿ ನನ್ನದು, ನನ್ನ ಮಗುವಿನ ಶಾಲೆಯ ಖರ್ಚು ನನ್ನದು ಅಂತ ಬಾಯಿಬಿಟ್ಟು ಹೇಳಿ. ಐದು ನೂರೇ ಆಗಲಿ, ಕೊಡುವುದನ್ನು ಕೊಡಿ. ತವರು ಊರುಗೋಲಿದ್ದಂತೆ. ಅದರ ಜೊತೆಗೆ ಓಣಿಯಲ್ಲೂ ನಾಲ್ಕು ಜನ ಬೇಕು.

"ತವರಿನವರ ಜೊತಿನೂ ಮಾತಿಲ್ಲ. ನನಗ ಯಾರೂ ಇಲ್ಲ. ಎಲ್ಲಿಂದ ಶುರು ಮಾಡ್ಲಿ?"

ಈ ಪ್ರಶ್ನೆಗೆ ನನ್ನ ಅವ್ವನ ಕತೆ ಹೇಳುತ್ತೇನೆ. ಅವ್ವ ಹಳೇ ಬಾಗಲಕೋಟೆಯವಳು. ಆಲಮಟ್ಟಿ ಹಿನ್ನೀರಿಗೆ ಅವರ ಓಣಿ ಮುಳುಗಡೆ ಆಯಿತು. ಮೂರು ತಲೆಮಾರಿನಿಂದ ಒಬ್ಬರಿಗೊಬ್ಬರು ಗೊತ್ತಿದ್ದವರು ನವನಗರದ ಬೇರೆ ಬೇರೆ ಸೆಕ್ಟರಿಗೆ ಹಂಚಿಹೋದರು. ಅವ್ವನಿಗೆ ಸಿಕ್ಕ ಸಾಲಿನಲ್ಲಿ ಗುರುತಿನವರು ಒಬ್ಬರೂ ಇರಲಿಲ್ಲ. ಬಂದ ಮೂರನೇ ದಿನ ಅವ್ವ ಸಣ್ಣ ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋದಳು. "ಒಂದು ಚಮಚ ಹೆಪ್ಪು ಇದ್ರ ಕೊಡ್ರಿ" ಅಂದಳು. ಮೊಸರು ಅಂಗಡಿಯಲ್ಲೂ ಸಿಗುತ್ತಿತ್ತು. ಆದರೆ ಹೆಪ್ಪು ಕೇಳಿದರೆ ನಾಳೆ ಬಟ್ಟಲು ತಿರುಗಿ ಕೊಡಲು ಹೋಗಬೇಕು. ಬರೀ ಬಟ್ಟಲು ಕೊಡಬಾರದು, ಅದರಲ್ಲಿ ಒಂದಿಷ್ಟು ಶೇಂಗಾ ಚಟ್ನಿ ಹಾಕಿ ಕೊಡಬೇಕು. ಹಂಗೇ ಶುರುವಾಯಿತು.

ನೀವೂ ಒಂದು ಹಾಳೆ ತಗೊಳ್ಳಿ. ವಾರಕ್ಕೊಮ್ಮೆಯಾದರೂ ನೀವು ಮುಖ ನೋಡುವವರನ್ನೆಲ್ಲ ಬರೆಯಿರಿ. ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಹಾಲಿನವರು, ಗಿರಣಿಯವರು, ಶಾಲೆಯ ಗೇಟಿನಲ್ಲಿ ಸಿಗುವ ಇನ್ನೊಬ್ಬ ತಾಯಿ, ಗುಡಿಯಲ್ಲೋ ದರ್ಗಾದಲ್ಲೋ ದಿನಾ ಕಾಣುವ ಅಜ್ಜಿ. "ಯಾರೂ ಇಲ್ಲ" ಅಂದವರ ಹಾಳೆಯಲ್ಲೂ ಎಂಟು ಹತ್ತು ಹೆಸರು ಬಂದದ್ದನ್ನು ನಾನು ನೋಡಿದ್ದೇನೆ. ಅವರಲ್ಲಿ ಇಬ್ಬರ ಜೊತೆ ಈ ವಾರ ಎರಡು ಮಾತು ಜಾಸ್ತಿ ಆಡಿ.

ಸ್ತ್ರೀಶಕ್ತಿ ಸಂಘ ಅಥವಾ ಬೇರೆ ಸ್ವಸಹಾಯ ಸಂಘ ಹತ್ತಿರ ಇದ್ದರೆ ಸೇರಿ. ಉಳಿತಾಯದ ಲಾಭ ಇದ್ದೇ ಇದೆ. ಅದಕ್ಕಿಂತ ಹೆಚ್ಚಾಗಿ, ನೀವು ಒಂದು ಸಭೆಗೆ ಹೋಗದಿದ್ದರೆ "ಯಾಕ ಬರ್ಲಿಲ್ಲ?" ಅಂತ ಕೇಳುವ ಹೆಂಗಸರು ಅಲ್ಲಿ ಸಿಗುತ್ತಾರೆ.

## ದಿನದ ಬದುಕು

"ಸಹಾಯ ಕೇಳಾಕ ನಾಚಿಕಿ ಬರ್ತೈತ್ರಿ. ಹ್ಯಾಂಗ ಕೇಳೋದು?"

ಸಣ್ಣದು ಕೇಳಿ. ಯಾವ ದಿನ, ಎಷ್ಟು ಹೊತ್ತು ಅಂತ ಖಚಿತವಾಗಿ ಕೇಳಿ. ಇಲ್ಲ ಅನ್ನೋಕೆ ಅವರಿಗೆ ದಾರಿ ಬಿಡಿ. "ನನ್ನ ಮಗಳನ್ನ ಸ್ವಲ್ಪ ನೋಡ್ಕೋರಿ" ಅಂದರೆ ಎದುರಿನವರಿಗೆ ಹೆದರಿಕೆ ಆಗುತ್ತದೆ. ಎಷ್ಟು ದಿನವೋ, ಎಷ್ಟು ಹೊತ್ತೋ ಗೊತ್ತಿರೋದಿಲ್ಲ. ನಾನು ಕೇಳಿದ್ದು ಹೀಗೆ: "ಅಕ್ಕಾರ, ಗುರುವಾರ ನಾಲ್ಕರಿಂದ ಐದೂವರಿ ತನಕ ನನ್ನ ಮಗಳು ನಿಮ್ಮ ಮನ್ಯಾಗ ಕೂತು ಅಭ್ಯಾಸ ಮಾಡ್ಲೇನ್ರಿ? ಆಗಲಿಲ್ಲಂದ್ರ ಆಗೂದಿಲ್ಲ ಅನ್ರಿ, ನಾ ಬ್ಯಾರೆ ದಾರಿ ನೋಡ್ತೀನಿ."

ಐದೂವರೆ ಅಂದಮೇಲೆ ಐದೂಇಪ್ಪತ್ತೈದಕ್ಕೆ ಬಾಗಿಲಲ್ಲಿ ಇರಬೇಕು. ಮುಂದಿನ ಸಲ ಹೌದು ಅನ್ನಿಸುವುದು ಇದೊಂದೇ.

ಆಮೇಲೆ ಮುಯ್ಯಿ. ಹೊಲದ ಕೆಲಸಕ್ಕೆ ಮುಯ್ಯಾಳು ಹೋಗುವುದು ನಮ್ಮ ರೈತರಿಗೆಲ್ಲ ಗೊತ್ತು. ಇವತ್ತು ನಿಮ್ಮ ಹೊಲದಲ್ಲಿ ನಾವು ಕಳೆ ತೆಗೆಯುತ್ತೇವೆ, ನಾಳೆ ನಮ್ಮ ಹೊಲಕ್ಕೆ ನೀವು ಬರಬೇಕು. ಅಲ್ಲಿ ಯಾರೂ ಯಾರಿಗೂ ಕೈಚಾಚಿದಂತೆ ಅಲ್ಲ. ಮಕ್ಕಳ ವಿಷಯದಲ್ಲೂ ಇದನ್ನೇ ತನ್ನಿ. ಆ ಅಕ್ಕನ ಜಂಪರ್‌ಗೆ ಹುಕ್ಕು ಹಚ್ಚಿಕೊಟ್ಟೆ, ಸೀರೆಗೆ ಫಾಲ್ ಹಚ್ಚಿಕೊಟ್ಟೆ. ಹೊಲಿಗೆ ಬರದವರು ಅವರ ಮಗನಿಗೆ ಪಾಠ ಹೇಳಬಹುದು, ಸಂತೆಯಿಂದ ಕಾಯಿಪಲ್ಲೆ ತಂದುಕೊಡಬಹುದು, ಅವರ ಅತ್ತೆಯವರನ್ನು ದವಾಖಾನೆಗೆ ಕರೆದೊಯ್ಯಬಹುದು. ಕೊಡೋಕೆ ಏನೂ ಇಲ್ಲದವರು ಅಂತ ಯಾರೂ ಇಲ್ಲ. ಎರಡೂ ಕಡೆಯಿಂದ ಕೊಡುಕೊಳ್ಳುವಿಕೆ ಶುರುವಾದ ದಿನ ನಾಚಿಕೆ ತಾನಾಗಿಯೇ ಹೋಗುತ್ತದೆ.

"ನಾ ಕೆಲಸಕ್ಕ ಹೋದ್ರ ಕೂಸನ್ನ ಯಾರ ಕಡೆ ಬಿಡ್ಲಿ?"

ಮೂರರಿಂದ ಆರು ವರ್ಷದ ಮಗುವಿಗೆ ಅಂಗನವಾಡಿ ಇದೆ. ಅಲ್ಲಿ ಊಟವೂ ಸಿಗುತ್ತದೆ. ಹಳ್ಳಿಯಲ್ಲಿದ್ದು ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವವರಾದರೆ ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ "ಕೂಸಿನ ಮನೆ" ಇದೆಯಾ ಕೇಳಿ. ಕೆಲಸಕ್ಕೆ ಹೋಗುವ ತಾಯಂದಿರ ಸಣ್ಣ ಮಕ್ಕಳಿಗಾಗಿಯೇ ಅದನ್ನು ಮಾಡಿದ್ದಾರೆ. ಅಂಗನವಾಡಿ ಬಿಟ್ಟ ಮೇಲಿನ ಎರಡು ಮೂರು ತಾಸಿಗೆ ಮಾತ್ರ ನೋಡಿಕೊಳ್ಳುವವರು ಬೇಕಾಗುತ್ತಾರೆ. ಒಬ್ಬರನ್ನೇ ನೆಚ್ಚಬೇಡಿ, ಇಬ್ಬರು ಇರಲಿ. ಒಬ್ಬರು ಊರಿಗೆ ಹೋದ ದಿನ ನಿಮ್ಮ ಕೂಲಿ ತಪ್ಪಬಾರದು.

ನಂಬಿಕೆ ಇರಲಿ, ಕಣ್ಣೂ ತೆರೆದಿರಲಿ. ಮಗುವನ್ನು ಬಿಡುವ ಮನೆಯಲ್ಲಿ ಯಾರ್‍ಯಾರು ಇರುತ್ತಾರೆ ನೋಡಿ. ಒಮ್ಮೊಮ್ಮೆ ಹೇಳದೇ ಬೇಗ ಹೋಗಿ. ಒಳ್ಳೆಯ ಮುಟ್ಟುವಿಕೆ ಯಾವುದು, ಕೆಟ್ಟದ್ದು ಯಾವುದು ಅಂತ ಮಗುವಿಗೆ ಅದರ ಮಾತಿನಲ್ಲೇ ಹೇಳಿಕೊಡಿ. "ಅವರ ಮನಿಗೆ ಒಲ್ಲೆ" ಅಂತ ಮಗು ಹಟ ಹಿಡಿದರೆ ಬೈಯಬೇಡಿ, ಮೊದಲು ಕೇಳಿಸಿಕೊಳ್ಳಿ. ಅನುಮಾನ ಬಂದರೆ 1098 ಮಕ್ಕಳ ಸಹಾಯವಾಣಿ.

"ನಡುರಾತ್ರಿ ಹುಡುಗನಿಗೆ ಆರಾಮ ತಪ್ಪಿದ್ರ ಏನ್ ಮಾಡೋದು? ಅದೇ ಹೆದರಿಕಿ ನನಗ."

ನನಗೂ ಅದೇ ಹೆದರಿಕೆ ಇತ್ತು, ಎರಡನೇ ವರ್ಷದ ಮಳೆಗಾಲದಲ್ಲಿ ಅದು ಬಂದೇ ಬಂತು. ರಾತ್ರಿ ಒಂದೂವರೆ. ಮಗಳ ಮೈ ಹಂಚಿನಂತೆ ಕಾದಿತ್ತು, ಕಣ್ಣು ಬಿಡುತ್ತಿರಲಿಲ್ಲ. ಕರೆಂಟ್ ಇಲ್ಲ. ಫೋನಿನ ಚಾರ್ಜ್ ಮುಗಿಯುತ್ತಾ ಬಂದಿತ್ತು. ಮಗಳನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು ಯಾರ ಮನೆ ಬಡಿಯಲಿ ಅಂತ ಯೋಚಿಸಿದೆ. ಆ ಯೋಚನೆಯಲ್ಲೇ ಹತ್ತು ನಿಮಿಷ ಕಳೆದೆ. ಕೊನೆಗೆ ಎದುರುಮನೆ ಬಡಿದೆ. ಆ ಕಾಕಾ ಅಂಗಿಯನ್ನು ತಿರುವುಮುರುವು ಹಾಕಿಕೊಂಡೇ ಸ್ಕೂಟರ್ ತೆಗೆದರು. ಕಾಕು ಕೊಡೆ ಹಿಡಿದು ರಸ್ತೆ ತನಕ ಬಂದರು. ಮುಂಜಾನೆ ಹೊತ್ತಿಗೆ ಜ್ವರ ಇಳಿಯಿತು. ಆ ಹತ್ತು ನಿಮಿಷ ಮಾತ್ರ ನನಗೆ ಇನ್ನೂ ಮರೆತಿಲ್ಲ.

ಮರುದಿನ ಒಂದು ಹಾಳೆ ಬರೆದು ಅಡುಗೆಮನೆ ಬಾಗಿಲ ಒಳಬದಿಗೆ ಅಂಟಿಸಿದೆ. ಅಂಬುಲೆನ್ಸ್ 108. ತುರ್ತಿಗೆ 112. ಗಾಡಿ ಇರುವ ಎರಡು ಮನೆಗಳ ನಂಬರು. ರಾತ್ರಿ ಬರುತ್ತೇನೆ ಅಂದಿರುವ ಒಬ್ಬ ಆಟೋದವರು. ಮಗಳ ರಕ್ತದ ಗುಂಪು, ತೂಕ, ಅವಳಿಗೆ ಒಗ್ಗದ ಗುಳಿಗೆ. ನಂಬರು ಫೋನಿನಲ್ಲಷ್ಟೇ ಇದ್ದರೆ ಸಾಲದು, ಕಾಗದದಲ್ಲೂ ಇರಲಿ. ಆ ಎರಡು ಮನೆಯವರನ್ನು ಹಗಲಿನಲ್ಲೇ ಕೇಳಿ ಇಟ್ಟುಕೊಳ್ಳಿ: "ರಾತ್ರಿ ಅವಸರ ಬಿದ್ರ ಬಾಗಿಲ ಬಡೀಲೇನ್ರಿ?" ನಾನು ಕೇಳಿದವರಲ್ಲಿ ಯಾರೂ ಬೇಡ ಅನ್ನಲಿಲ್ಲ.

"ಮದುವಿ-ಮುಂಜಿವಿಗೆ ಹೋದ್ರ ಮಂದಿ ಮಾತು ತಾಳೂದಾಗೂದಿಲ್ಲ."

ಒಬ್ಬರೇ ಹೋಗಬೇಡಿ. ಮಾತು ತಿರುಗಿಸಬಲ್ಲ ಒಬ್ಬರ ಜೊತೆ ಹೋಗಿ, ಅವರ ಪಕ್ಕದಲ್ಲೇ ಕೂರಿ. ಊಟ ಮಾಡಿ, ಅಕ್ಕಿಕಾಳು ಹಾಕಿ, ಹೊರಡಿ. ಎಲ್ಲಾ ಕಾರ್ಯಕ್ಕೂ ಹೋಗಬೇಕಿಲ್ಲ. ಆದರೆ ಎಲ್ಲವನ್ನೂ ಬಿಡಬೇಡಿ, ಯಾಕಂದರೆ ಮಗು ತನ್ನ ಓರಗೆಯವರ ಜೊತೆ ಕುಣಿಯುವುದು ಅಲ್ಲೇ. ಬಾಗಲಕೋಟೆಯ ಹೋಳಿಗೆ ಮಗಳನ್ನು ಎರಡು ವರ್ಷ ಮನೆಯೊಳಗೇ ಇಟ್ಟುಕೊಂಡಿದ್ದೆ, ನನ್ನ ಸಂಕೋಚಕ್ಕೆ. ಅದಕ್ಕಾಗಿ ನನಗೆ ಇವತ್ತಿಗೂ ಕೆಟ್ಟದೆನಿಸುತ್ತದೆ.

"ನಾ ಗಂಡಸು ಅದೀನ್ರಿ. ಮಗಳು ನನ್ನ ಕಡೆ ಅದಾಳ. ನನಗ್ಯಾರು ಸಹಾಯ ಮಾಡ್ತಾರ?"

ಅಣ್ಣಾ, ನೀವು ಕೇಳಿದ್ದೇ ದೊಡ್ಡದು. ಗಂಡಸರು ಕೇಳುವುದೇ ಇಲ್ಲ. ಸುತ್ತಲಿನವರು "ಇನ್ನೊಂದು ಮದುವಿ ಆಗು" ಅನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಮಗಳಿಗೆ ಜಡೆ ಹೆಣೆಯುವುದು ನೀವೇ ಕಲಿಯಿರಿ, ಒಂದು ವಾರದ ಕೆಲಸ. ಆದರೆ ಅವಳು ನಾಚದೇ ಮಾತಾಡಬಲ್ಲ ಒಬ್ಬ ಹೆಂಗಸು ಅವಳ ಬದುಕಿನಲ್ಲಿ ಇರಬೇಕು. ನಿಮ್ಮ ಅಕ್ಕ, ಅವಳ ಚಿಗವ್ವ, ಶಾಲೆಯ ಟೀಚರ್, ಯಾರಾದರೂ ಸರಿ. ದೊಡ್ಡವಳಾಗುವ ಹೊತ್ತಿಗೆ ಹುಡುಕೋದಲ್ಲ, ಎಂಟು ಒಂಬತ್ತು ವರ್ಷಕ್ಕೇ ಆ ಸಲುಗೆ ಬೆಳೆಯಲಿ. ಮುಟ್ಟಿನ ವಿಷಯ ನಿಮಗೂ ಗೊತ್ತಿರಲಿ, ಪ್ಯಾಡ್ ಮನೆಯಲ್ಲಿ ಇರಲಿ. ಶಾಲೆಯ ಪಾಲಕರ ಸಭೆಗೆ ನೀವೇ ಹೋಗಿ. ಅಲ್ಲಿ ಬರೀ ತಾಯಂದಿರು ಇದ್ದರೂ ಕೂರಿ, ಎರಡು ಸಭೆಯಲ್ಲಿ ಅವರಿಗೂ ರೂಢಿ ಆಗುತ್ತದೆ.

## ಮಗು, ಶಾಲೆ, ಆ ಕಡೆಯವರು

"ಸಾಲ್ಯಾಗ ಹೇಳಿದ್ರ ಹುಡುಗನ್ನ ಬ್ಯಾರೆ ತರ ನೋಡ್ತಾರೇನೋ?"

ಹೇಳದಿದ್ದರೆ ತೊಂದರೆ ಜಾಸ್ತಿ. ಕ್ಲಾಸ್ ಟೀಚರನ್ನು ಒಬ್ಬರೇ ಇದ್ದಾಗ ಭೇಟಿ ಮಾಡಿ ಮೂರು ಮಾತು ಹೇಳಿ: ಮಗು ಈಗ ಯಾರ ಜೊತೆ ಇದೆ, ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು, ಮಗು ಸುಮ್ಮನಾಗಿಬಿಟ್ಟರೆ ಅಥವಾ ಸಿಟ್ಟು ಮಾಡಿದರೆ ನನಗೆ ತಿಳಿಸಿ. ಜಗಳದ ಕತೆ ಅವರಿಗೆ ಬೇಡ. ಮಗುವನ್ನು ಶಾಲೆಯಿಂದ ಯಾರು ಕರೆದೊಯ್ಯಬಹುದು ಅನ್ನೋದನ್ನು ಮುಖ್ಯೋಪಾಧ್ಯಾಯರಿಗೆ ಬರವಣಿಗೆಯಲ್ಲೇ ಕೊಡಿ. ಕೋರ್ಟಿನ ಆದೇಶ ಇದ್ದರೆ ಅದರ ಪ್ರತಿ ಹಚ್ಚಿ. ಬಾಯಿಮಾತಿಗೆ ಶಾಲೆಯವರು ಏನೂ ಮಾಡಲಾಗದು.

"ಮಗುವಿನ ಅಜ್ಜ-ಆಯಿ, ಅತ್ತಿ ಜೊತಿ ಸಂಬಂಧ ಇಟ್ಕೋಬೇಕೇನ್ರಿ?"

ಹೊಡೆತ, ಬೆದರಿಕೆ, ಮಗುವನ್ನು ಎತ್ತಿಕೊಂಡು ಹೋಗುವ ಭಯ ಇದ್ದರೆ ಬೇಡ. ಕೋರ್ಟ್ ಮೂಲಕವೇ ಆಗಲಿ. ಅದೆಲ್ಲ ಇಲ್ಲದಿದ್ದರೆ ಇಟ್ಟುಕೊಳ್ಳಿ ಅಂತಲೇ ನಾನು ಹೇಳುವುದು. ಮಗುವಿನ ಸುತ್ತ ಎಷ್ಟು ಜನ ಪ್ರೀತಿಸುವವರಿದ್ದರೂ ಜಾಸ್ತಿ ಅಲ್ಲ. ನಮ್ಮ ಮನೆಯಲ್ಲಿ ಎಳ್ಳಮವಾಸ್ಯೆ ದಿನ ಮಗಳು ಅವಳ ಅಜ್ಜನ ಹೊಲಕ್ಕೆ ಚರಗ ಚೆಲ್ಲಲು ಹೋಗುತ್ತಾಳೆ. ಬೆಳಿಗ್ಗೆ ಅತ್ತಿ ಬಂದು ಕರೆದೊಯ್ಯುತ್ತಾಳೆ, ಸಂಜೆ ತಂದು ಬಿಡುತ್ತಾಳೆ. ನಾನು ಸಜ್ಜಿ ರೊಟ್ಟಿ ಕಟ್ಟಿ ಕಳಿಸುತ್ತೇನೆ. ಇಷ್ಟು ಆಗೋಕೆ ನಾಲ್ಕು ವರ್ಷ ಹಿಡಿಯಿತು.

ಒಂದು ಕಟ್ಟುಪಾಡು ಮಾತ್ರ ಬಿಗಿಯಾಗಿರಲಿ. ಮಗುವಿನ ಕೈಯಲ್ಲಿ ಸುದ್ದಿ ಕಳಿಸಬಾರದು. ಬಂದ ಮೇಲೆ "ಅಲ್ಲಿ ನನ್ನ ಬಗ್ಗೆ ಏನಂದ್ರು?" ಅಂತ ಕೇಳಲೂ ಬಾರದು. ಊಟ ಏನಿತ್ತು ಅಂತ ಕೇಳಿ.

## ಕೋರ್ಟು, ಕಾಗದ, ರೊಕ್ಕ

"ವಕೀಲರಿಗೆ ಕೊಡಾಕ ರೊಕ್ಕ ಇಲ್ಲ. ಸುಮ್ನಿರ್ಲೇನು?"

ಸುಮ್ಮನಿರಬೇಡಿ. ಜಿಲ್ಲಾ ಕೋರ್ಟಿನ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ತಾಲ್ಲೂಕಿನಲ್ಲಿ ಸಮಿತಿ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ ವಕೀಲರ ನೆರವು ಉಚಿತ. ಇದಕ್ಕೆ ಆದಾಯ ಎಷ್ಟು ಅಂತ ನೋಡುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದ ಗಂಡಸರಿಗೂ ಹಾಗೇ. ಉಳಿದ ಬಹಳಷ್ಟು ಗಂಡಸರಿಗೆ ಆದಾಯದ ಮಿತಿ ಇದೆ. ಫೋನ್ ಮಾಡಿ ಕೇಳುವುದಾದರೆ 15100.

ಜೀವನಾಂಶಕ್ಕೆ ಡೈವೋರ್ಸ್ ಆಗಿರಲೇಬೇಕು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಹಿಂದೆ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) 125ನೇ ಕಲಂ ಅನ್ನುತ್ತಿದ್ದುದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಅದರಲ್ಲಿ ಹೆಂಡತಿಗೂ ಮಕ್ಕಳಿಗೂ ಕೇಳಬಹುದು. ಯಾವ ಧರ್ಮದವರಾದರೂ ಕೇಳಬಹುದು. ಡೈವೋರ್ಸ್ ಆದ ಮುಸ್ಲಿಂ ಮಹಿಳೆಗೂ ಈ ಹಕ್ಕು ಇದೆ ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಮತ್ತೆ ಹೇಳಿದೆ. ಗಂಡನ ಊರಿಗೇ ಹೋಗಿ ಅರ್ಜಿ ಹಾಕಬೇಕಿಲ್ಲ, ನೀವು ಈಗ ಇರುವ ಜಿಲ್ಲೆಯಲ್ಲೇ ಹಾಕಬಹುದು. ಕೇಸು ನಡೆಯುವಾಗಿನ ಮಧ್ಯಂತರ ಜೀವನಾಂಶವನ್ನೂ ಮರೆಯದೇ ಕೇಳಿ.

ಕೋರ್ಟಿಗೆ ಹೋಗುವ ದಿನ ಮಗುವನ್ನು ನೋಡಿಕೊಳ್ಳಲು ಒಬ್ಬರು, ನಿಮ್ಮ ಪಕ್ಕ ಕೂರಲು ಒಬ್ಬರು ಬೇಕು. ಪಕ್ಕ ಕೂರುವವರು ಕಾನೂನು ತಿಳಿದಿರಬೇಕಿಲ್ಲ. ತಾರೀಖು ಬರೆದುಕೊಳ್ಳಬೇಕು, ನೀರಿನ ಬಾಟಲಿ ಹಿಡಿದಿರಬೇಕು, ಅಷ್ಟೇ.

"ಅವರು ಬಂದು ಹೊಡೀತಾರ. ಆಜುಬಾಜು ಮಂದಿ ನೋಡ್ಕೋತ ನಿಂದರ್ತಾರ."

112ಕ್ಕೆ ಫೋನ್ ಮಾಡಿ. ಮಹಿಳಾ ಸಹಾಯವಾಣಿ 181. ಜಿಲ್ಲೆಯ "ಸಖಿ" ಕೇಂದ್ರದಲ್ಲಿ ಚಿಕಿತ್ಸೆ, ಪೊಲೀಸ್, ಕಾನೂನು ನೆರವು, ಕೆಲವು ದಿನ ಉಳಿಯಲು ಜಾಗ ಒಂದೇ ಕಡೆ ಸಿಗುತ್ತದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ರಕ್ಷಣಾಧಿಕಾರಿ ಮೂಲಕ ರಕ್ಷಣೆಯ ಆದೇಶ ಕೇಳಬಹುದು. ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ, ದಾರಿ ತೋರಿಸುತ್ತಾರೆ. ನೆರೆಯವರಲ್ಲಿ ಒಬ್ಬರಿಗೆ ಮೊದಲೇ ಒಂದು ಗುರುತು ಹೇಳಿ ಇಡಿ: ನಾನು ಗೋಡೆ ಬಡಿದರೆ ಅಥವಾ ಬರೀ ಮಿಸ್ಡ್ ಕಾಲ್ ಕೊಟ್ಟರೆ ನೀವು 112ಕ್ಕೆ ಹಚ್ಚಿ. ಗಲಾಟೆಯ ನಡುವೆ ಬರಲು ಜನ ಹೆದರುತ್ತಾರೆ, ಫೋನ್ ಮಾಡಲು ಅಷ್ಟು ಹೆದರುವುದಿಲ್ಲ.

"ರೇಶನ್ ಕಾರ್ಡಿನ್ಯಾಗ ಹೆಸರು ಇನ್ನೂ ಅತ್ತಿ ಮನ್ಯಾಗೈತಿ."

ಮೊದಲು ಅಲ್ಲಿಂದ ಹೆಸರು ತೆಗೆಸಬೇಕು, ಆಮೇಲೆ ಬೇರೆ ಕಾರ್ಡಿಗೆ ಅರ್ಜಿ. ತಹಶೀಲ್ದಾರ್ ಕಚೇರಿಯ ಆಹಾರ ಶಾಖೆಯಲ್ಲಿ ಕೇಳಿ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಕಾರ್ಡಿನಲ್ಲಿ ಮನೆಯ ಯಜಮಾನಿ ಅಂತ ಇರುವವರಿಗೆ ಬರುವುದರಿಂದ ಇದನ್ನು ಮುಂದೂಡಬೇಡಿ. ಆಧಾರ್, ಮಗುವಿನ ಜನನ ಪ್ರಮಾಣಪತ್ರ, ಪಾಸ್‌ಬುಕ್ಕು ಒಂದೇ ಚೀಲದಲ್ಲಿರಲಿ. ಇನ್ನೊಂದು ಜೊತೆ ಜೆರಾಕ್ಸ್ ಗೆಳತಿಯ ಮನೆಯಲ್ಲಿರಲಿ.

## ಸ್ವಲ್ಪ ನೆಲೆ ನಿಂತ ಮೇಲೆ

"ಸಹಾಯ ಮಾಡಿದವ್ರೇ ಈಗ ನನ್ನ ಮ್ಯಾಲೆ ಹಕ್ಕು ನಡಸಾಕ ಹತ್ಯಾರ."

ಇದು ಆಗುತ್ತದೆ. ರೊಕ್ಕ ಕೊಟ್ಟ ಅಣ್ಣ ಫೋನ್ ನೋಡುತ್ತಾನೆ. ಮಗುವನ್ನು ನೋಡಿಕೊಂಡ ಅಕ್ಕ ನೀವು ಯಾವ ಸೀರೆ ಉಡಬೇಕು ಅಂತ ಹೇಳುತ್ತಾಳೆ. ಕೊಟ್ಟದ್ದಕ್ಕೆ ಕೃತಜ್ಞತೆ ಹೇಳಿ. "ಇದು ಮಾತ್ರ ನಾನೇ ತೀರ್ಮಾನ ಮಾಡ್ತೀನಿ" ಅನ್ನೋದನ್ನೂ ಅದೇ ಮೆತ್ತಗಿನ ದನಿಯಲ್ಲಿ ಹೇಳಿ. ಒಬ್ಬರ ಮೇಲೇ ಎಲ್ಲಕ್ಕೂ ಒರಗಿದಾಗ ಈ ಹಕ್ಕು ಬೆಳೆಯುತ್ತದೆ. ಅದಕ್ಕೇ ನಾನು ನಾಲ್ಕು ಜನ ಬೇಕು ಅನ್ನುತ್ತಿರುವುದು. ಸಾಲ ಪಡೆದಿದ್ದರೆ ತಿಂಗಳಿಗೆ ಇನ್ನೂರಾದರೂ ತೀರಿಸುತ್ತಾ ಬನ್ನಿ, ಪುಸ್ತಕದಲ್ಲಿ ಬರೆದಿಡಿ. ಸಹಾಯದ ನೆಪದಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಬರುವವರು, "ಯಾರಿಗೂ ಹೇಳಬ್ಯಾಡ" ಅನ್ನುವವರು ಇದ್ದರೆ ಆ ಸಹಾಯವನ್ನೇ ಬಿಡಿ.

"ನನ್ನಂಥವ್ರನ್ನ ಕೂಡಿಸಿ ಒಂದು ಗುಂಪು ಮಾಡ್ಬೇಕಂತ ಮಾಡೀನಿ."

ಮಾಡಿ. ನಾವು ಐದು ಜನ ಇದ್ದೇವೆ, ತಿಂಗಳಿಗೊಂದು ಭಾನುವಾರ ಸೇರುತ್ತೇವೆ. ಮೊದಲ ಮೂರು ಸಲ ಬರೀ ಗಂಡಂದಿರ ಮಾತೇ ಆಯಿತು. ಮನೆಗೆ ಹೋಗುವಾಗ ಎಲ್ಲರಿಗೂ ಬಂದಾಗಿನದಕ್ಕಿಂತ ಜಾಸ್ತಿ ಭಾರ. ನಾಲ್ಕನೇ ಸಲದಿಂದ ಒಂದು ಪದ್ಧತಿ ಮಾಡಿದೆವು. ಅರ್ಧ ತಾಸು ಅಳು, ಸಿಟ್ಟು ಏನಿದ್ದರೂ ಹೇಳಿಕೊಳ್ಳುವುದು. ಆಮೇಲೆ ಮುಂದಿನ ತಿಂಗಳು ಯಾರಿಗೆ ಯಾವ ದಿನ ಏನು ಬೇಕು ಅಂತ ಒಂದು ಪುಸ್ತಕದಲ್ಲಿ ಬರೆಯುವುದು. ಒಬ್ಬರಿಗೆ 14ನೇ ತಾರೀಖು ಕೋರ್ಟು, ಮಕ್ಕಳು ನಮ್ಮ ಮನೆಗೆ. ಇನ್ನೊಬ್ಬರಿಗೆ ರಾತ್ರಿ ಪಾಳಿ, ಅವರ ಮಗ ಇಲ್ಲೇ ಮಲಗುತ್ತಾನೆ. ಇಲ್ಲಿ ಆಡಿದ ಮಾತು ಹೊರಗೆ ಹೋಗಬಾರದು, ವಾಟ್ಸಾಪಿನಲ್ಲಿ ಕೋರ್ಟಿನ ಕಾಗದ, ಮಕ್ಕಳ ಫೋಟೋ ಹಾಕಬಾರದು. ಗುಂಪು ದೊಡ್ಡದು ಮಾಡುವ ಆಸೆ ಬೇಡ. ಆರು ಜನಕ್ಕಿಂತ ಹೆಚ್ಚಾದರೆ ಇನ್ನೊಂದು ಗುಂಪು ಶುರು ಮಾಡಲಿ.

"ಎಲ್ಲಾ ಮಂದಿ ಅದಾರ. ಆದ್ರೂ ರಾತ್ರಿ ಯಾರೂ ಇಲ್ಲ ಅನಸ್ತೈತಿ."

ಮಗು ಮಲಗಿದ ಮೇಲಿನ ಆ ಎರಡು ತಾಸು ನನಗೂ ಗೊತ್ತು. ನಿದ್ದೆ ಬಾರದೇ, ಊಟ ಸೇರದೇ ಎರಡು ವಾರ ಕಳೆದರೆ, ಅಥವಾ ಬದುಕಿರೋದೇ ಬೇಡ ಅನ್ನಿಸಿದರೆ ಕಾಯಬೇಡಿ. ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರ್ ಇರುತ್ತಾರೆ. ಚೀಟಿ ಮಾಡಿಸಲು ಹೋಗುವಾಗ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ.

ಅಷ್ಟೊಂದು ಅಲ್ಲ, ಬರೀ ಮನಸ್ಸು ಭಾರ ಅನ್ನುವ ರಾತ್ರಿಗಳಿಗೆ ನಾನು ಒಂದು ರೂಢಿ ಮಾಡಿಕೊಂಡಿದ್ದೇನೆ. ಒಂಬತ್ತೂವರೆಗೆ ಮನೆ ಮುಂದಿನ ಕಟ್ಟೆಗೆ ಬರುತ್ತೇನೆ. ಎದುರುಮನೆ ಕಾಕು ಬಾಗಿಲು ಹಾಕುವ ಮುಂಚೆ ಹೊರಗೆ ನೋಡುತ್ತಾರೆ. "ಉಂಡ್ಯಾ ಯವ್ವಾ?" ಅನ್ನುತ್ತಾರೆ. "ಉಂಡೆ ಕಾಕು, ನಿಮ್ಮದು?" ಅನ್ನುತ್ತೇನೆ. ಅವರು ಲೈಟ್ ಆರಿಸುತ್ತಾರೆ, ನಾನೂ ಒಳಗೆ ಬರುತ್ತೇನೆ.